ಗುಂಡಿಯಕ್ಕನ ಅರ್ಧ ಸ್ವರ

ಕೋಟು ಹೊಲಿಯುವ ಆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಬಟ್ಟೆ ಕತ್ತರಿಸುವುದು ಮಾಸ್ಟರು, ಮಿಷನ್ ತುಳಿಯುವುದು ಇಬ್ಬರು ದರ್ಜಿಗಳು, ಕಡೆಗೆ ಗುಂಡಿ ತೂರುವ ಕಂಡಿಗಳಿಗೆ, ಅಂದರೆ ಕಾಜಾಗಳಿಗೆ, ಕೈಯಲ್ಲೇ ದಾರ ಸುತ್ತಿ ಗುಂಡಿ ಹಚ್ಚುವುದು ಇವಳು. ಅದೇನು ಮಹಾ ಕೆಲಸ ಎನ್ನುವವರು ಒಂದು ಸಲ ಮಾಡಿ ನೋಡಬೇಕು. ಕಾಜಾ ಒಂದು ನೂಲು ಸಡಿಲವಾದರೂ ಸಾಕು, ಇಡೀ ಕೋಟು ಮುಖ ಸೊಟ್ಟ ಮಾಡಿಕೊಂಡು ನಿಲ್ಲುತ್ತದೆ. ಅವಳ ಕೈಯಿಂದ ಹೋದ ಕೋಟು ಹಾಗೆ ನಿಂತದ್ದನ್ನು ಯಾರೂ ಕಂಡಿಲ್ಲ. ಕೈ ಅಷ್ಟು ನಾಜೂಕಾದರೂ ಬಾಯಿ ಮಾತ್ರ ಖಾರ. ಕೋಪವಂತೂ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಅವಳ ಅಪ್ಪ ಪಾರ್ಕಿನ ಮಂಟಪದಲ್ಲಿ ಸಂಜೆ ಬಾರಿಸುವ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಮಗಳಿಗೂ ಕಲಿಸಿದರು. ಅವರದು ಒಂದೇ ಪಾಠ: ಸ್ವರ ಬರೆದ ಜಾಗದಲ್ಲೇ ಇರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಅಪ್ಪ ಹೋದ ಮೇಲೆ ವಾದ್ಯ ಅವಳ ಪಾಲಿಗೆ ಬಂತು. ಮದುವೆಯಾಗಿ ಬರುವಾಗ ಅದನ್ನೂ ತಂದಳು. ಬಾಗಿಲು ಹಾಕಿಕೊಂಡು ಅದೇ ನಾಲ್ಕಾರು ಕವಾಯತಿನ ಹಾಡುಗಳನ್ನು ಊದುತ್ತಿದ್ದಳು. ಊದಿ ಮುಗಿಸುವಾಗ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಪರೀಕ್ಷೆ ಪಾಸಾದ ನೆಮ್ಮದಿ ಇರುತ್ತಿತ್ತು.

ಗಂಡ ಲಿಫ್ಟ್ ರಿಪೇರಿಯವರು. ಅವರಿಗೆ ಸಂಗೀತದಲ್ಲಿ ಗೊತ್ತಿದ್ದದ್ದು ಜೋರು ಮತ್ತು ಮೆಲ್ಲಗೆ, ಎರಡೇ ಬಗೆ. ಹಗಲೆಲ್ಲ ಲಿಫ್ಟಿನ ಬಾವಿಯಲ್ಲಿ ನಿಂತು ಮೇಲಿನ ಮಹಡಿಯವನಿಗೆ ಕೂಗಿ ಕೂಗಿ, ಗಂಟಲು ಅದೇ ಅಳತೆಗೆ ನಿಂತುಬಿಟ್ಟಿತ್ತು. ಪಕ್ಕದಲ್ಲಿ ಕೂತವರ ಹತ್ತಿರ ಉಪ್ಪು ಕೇಳಿದರೂ ಬೀದಿಯವರೆಲ್ಲ ತಂದುಕೊಡಬೇಕು, ಹಾಗೆ. ಆದರೆ ಹೆಂಡತಿ ಊದುವಾಗ ಮಾತ್ರ ತುಟಿ ಪಿಟಕ್ಕೆನ್ನದೆ ಕೂರುತ್ತಿದ್ದರು.

ಇಂಥ ಸಂಸಾರಕ್ಕೆ ಜಾಝ್ ಬಂದದ್ದು ಒಂದು ಹಳೆಯ ಕೋಟಿನ ದೆಸೆಯಿಂದ.

ಹಡಗಿನ ಅಜ್ಜ ಎಂದು ಬೀದಿಯಲ್ಲಿ ಹೆಸರಾದ ಒಬ್ಬರಿದ್ದರು. ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು ದುಡಿದು ಕಿವಿ ಅರ್ಧ ಕಳೆದುಕೊಂಡವರು. ಮೈ ಇಳಿದುಹೋಗಿತ್ತೆಂದು ತಮ್ಮ ಹಳೆಯ ಕೋಟನ್ನು ಬಿಗಿ ಮಾಡಿಸಲು ಅಂಗಡಿಗೆ ಬಂದರು. ಗುಂಡಿಯಕ್ಕ ಗುಂಡಿ ಹಚ್ಚುತ್ತಾ ತನ್ನ ಪಾಡಿಗೆ ತಾನು ಗುನುಗುತ್ತಿದ್ದಳು. ಅಜ್ಜ ಬಾಗಿ, ಒಳ್ಳೆಯ ಕಿವಿಯನ್ನು ಅವಳ ಕಡೆ ತಿರುಗಿಸಿ ಕೇಳಿದರು.

"ಏನಮ್ಮಾ, ಹಾಡ್ತೀಯಾ?"

"ಇಲ್ಲ ಅಜ್ಜ, ಊದ್ತೀನಿ. ಕ್ಲಾರಿನೆಟ್."

ಮಾರನೆಯ ದಿನ ಅಜ್ಜ ಕೋಟು ಒಯ್ಯಲು ಬಂದಾಗ ಕೈಯಲ್ಲಿ ಒಂದು ಮರದ ಪೆಟ್ಟಿಗೆ. ತುಂಬ ರೆಕಾರ್ಡುಗಳು, ರೇವಿನಿಂದ ರೇವಿಗೆ ಅಲೆದಾಗ ಕೂಡಿಸಿದ್ದು.

"ನನ್ನ ಕಿವಿ ಎಂಜಿನ್ ತಿಂದುಹಾಕ್ತು ತಾಯಿ. ಕೇಳೋರ ಮನೇಲಿರಲಿ ಇವು. ಭಾನುವಾರ ಮಧ್ಯಾಹ್ನ ಒಂದು ಲೋಟ ಚಹಾ ಕೊಟ್ರೆ ನಾನೂ ಬಂದು ಕೂತ್ಕೋತೀನಿ."

ಪೆಟ್ಟಿಗೆಯೇನೋ ಬಂತು, ಹಾಕಿ ಕೇಳಲು ಪ್ಲೇಯರ್ ಬೇಡವೇ? ಲಿಫ್ಟಿನವರು ಅದಕ್ಕೂ ದಾರಿ ಹುಡುಕಿದರು. ಅವರು ನೋಡಿಕೊಳ್ಳುತ್ತಿದ್ದ ಕಟ್ಟಡವೊಂದರಲ್ಲಿ ಆಫೀಸು ಖಾಲಿ ಮಾಡುವಾಗ ಮೂಲೆಗೆ ಎಸೆದಿದ್ದ ಕೆಟ್ಟ ರೆಕಾರ್ಡ್ ಪ್ಲೇಯರನ್ನು ಕೇಳಿ ತಂದರು. ಅಡುಗೆಮನೆಯ ನೆಲದ ಮೇಲೆ ಹರಡಿಕೊಂಡು ಕೂತರು. ಮೋಟಾರು ತಿರುಗುತ್ತಿತ್ತು, ಬೆಲ್ಟು ಜಾರುತ್ತಿತ್ತು, ತಟ್ಟೆ ಮಾತ್ರ ಒಲ್ಲೆ ಎನ್ನುತ್ತಿತ್ತು. ಲಿಫ್ಟಿನವರು ಸ್ವಲ್ಪ ತಲೆ ಕೆರೆದುಕೊಂಡು, ಮೋಟಾರಿನ ಪುಟ್ಟ ರಾಟೆಗೆ ಕರೆಂಟಿನ ಕರಿ ಟೇಪನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿದರು. ಬೆಲ್ಟು ಹಿಡಿಯಿತು, ತಟ್ಟೆ ಸರ್ರನೆ ತಿರುಗಿತು.

"ನಾನು ರಿಪೇರಿ ಮಾಡಿದ ಲಿಫ್ಟು ಇವತ್ತಿನವರೆಗೂ ಒಬ್ಬರನ್ನೂ ಬೀಳಿಸಿಲ್ಲ ಕಣೇ. ಇದು ಯಾವ ಲೆಕ್ಕ!" ಎಂದು ಮೀಸೆ ತಿರುವಿದರು. ಆ ಎರಡು ಸುತ್ತು ಟೇಪನ್ನು ನೀವು ನೆನಪಿಟ್ಟುಕೊಂಡಿರಿ. ಅವರು ಮರೆತರು.

ಮೊದಲ ದಿನ ಗುಂಡಿಯಕ್ಕನಿಗೆ ಸಿಟ್ಟೇ ಬಂತು. ಇದೇನು ಸಂಗೀತವೋ, ಬಸ್ ನಿಲ್ದಾಣದಲ್ಲಿ ಎಲ್ಲರೂ ಒಟ್ಟಿಗೆ ಜಗಳಕ್ಕೆ ನಿಂತಿದ್ದೋ! ಸ್ವರಗಳು ಬರೆದ ಜಾಗದಲ್ಲಿ ಇರುವುದು ಹೋಗಲಿ, ಒಂದೊಂದು ಸ್ವರ ಬಾಗಿಲಲ್ಲಿ ನಿಂತು ಒಳಗೂ ಬಾರದೆ ಹೊರಗೂ ಹೋಗದೆ ಸತಾಯಿಸುತ್ತಿತ್ತು. ಅಪ್ಪ ಇದ್ದಿದ್ದರೆ ಕೋಲು ತೆಗೆದುಕೊಳ್ಳುತ್ತಿದ್ದರು. ಸೂಜಿ ಎತ್ತಿಬಿಡಬೇಕೆಂದು ಕೈ ಚಾಚಿದವಳು ಹಾಗೇ ನಿಂತಳು. ಆ ಗಲಾಟೆಯ ಅಡಿಯಲ್ಲಿ ಅಪ್ಪನ ಕವಾಯತಿನ ನಡಿಗೆ ಕೇಳಿಸಿತ್ತು. ಅದೇ ತುತ್ತೂರಿ, ಅದೇ ದೊಡ್ಡ ಡ್ರಮ್ಮು. ಸಿಪಾಯಿ ಮಾತ್ರ ಟೋಪಿ ಓರೆ ಮಾಡಿಕೊಂಡು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾ ಹೋಗುತ್ತಿದ್ದ.

ಭಾನುವಾರ ಅಜ್ಜನನ್ನು ಹಿಡಿದು ಕೂರಿಸಿಕೊಂಡಳು.

"ಅಜ್ಜ, ಇದರಲ್ಲಿ ನಮ್ಮಪ್ಪನ ಬ್ಯಾಂಡು ಯಾಕಿದೆ?"

ಅಜ್ಜ ಚಹಾ ಹೀರಿ ಹೇಳಿದರು. ಆಫ್ರಿಕದಿಂದ ಸಂಕೋಲೆ ಹಾಕಿ ಸಮುದ್ರ ದಾಟಿಸಿ ಮಾರಿದ ಜನರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಂಗೀತ ಅದು. ಬರುವಾಗ ಅವರ ಕೈಯಲ್ಲಿ ಏನೂ ಇರಲಿಲ್ಲ, ತಾಳ ಮೈಯೊಳಗೇ ಬಂತು. ಹತ್ತಿಯ ಹೊಲದಲ್ಲಿ ಒಬ್ಬ ಕೂಗಿದರೆ ಉಳಿದವರು ಓಗೊಡುತ್ತಿದ್ದರು, ಆ ಕೂಗು ಬಂತು. ಇಗರ್ಜಿಯ ಹಾಡು ಬಂತು. ಸೈನ್ಯದ ಬ್ಯಾಂಡುಗಳ ತುತ್ತೂರಿ ಬಂತು. ರೇವಿಗೆ ಹತ್ತಿರದ ದ್ವೀಪಗಳಿಂದ ಕುಣಿತದ ಲಯ ಬಂತು, ಅನುಕೂಲಸ್ಥರ ಮನೆಗಳಿಂದ ಪಿಯಾನೋ ಬಂತು.

"ಎಲ್ಲರ ಹತ್ರಾನೂ ಇಸ್ಕೊಂಡ್ರು ತಾಯಿ. ಆದ್ರೆ ಯಾರ ಥರಾನೂ ಬಾರಿಸಲಿಲ್ಲ ನೋಡು."

ಗುಂಡಿಯಕ್ಕನಿಗೆ ಅದು ತನ್ನ ಕಸುಬಿನಲ್ಲೇ ಅರ್ಥವಾಯಿತು. ಕೋಟಿನ ಮೇಲುಬಟ್ಟೆ ಒಂದು ಕಡೆಯದು, ಒಳಪದರದ ಬಟ್ಟೆ ಇನ್ನೊಂದು ಕಡೆಯದು, ಗುಂಡಿ ಮತ್ತೆಲ್ಲಿಯದೋ. ಹಾಕಿಕೊಂಡವನಿಗೆ ಅದು ತನ್ನ ಕೋಟು, ಅಷ್ಟೇ. ಅಂದಿನಿಂದ ಅವಳು ರೆಕಾರ್ಡು ಹಾಕಿದರೆ ಹೊಲಿಗೆ ಬಿಚ್ಚಿ ನೋಡುವಂತೆ ಕೇಳುತ್ತಿದ್ದಳು. "ಇಗೋ ಇಲ್ಲಿ ಇಗರ್ಜಿ ಬಂತು," "ಈ ಡ್ರಮ್ಮು ದ್ವೀಪದ್ದು ಕಣ್ರೀ" ಎಂದು ಗಂಡನಿಗೆ ತೋರಿಸುತ್ತಿದ್ದಳು. ಲಿಫ್ಟಿನವರು ತಲೆಯಾಡಿಸುತ್ತಿದ್ದರು. ಅವರಿಗೆ ಕಾಣುತ್ತಿದ್ದದ್ದು ಅವಳ ಮುಖ ಒಂದೇ, ಅದೇ ಸಾಕಾಗಿತ್ತು.

ಕೇಳಿದ್ದನ್ನು ಊದಲು ಹೊರಟಾಗ ಬೆವರಿಳಿಯಿತು. ಅಪ್ಪನ ಹಾಡುಗಳಲ್ಲಿ ಕಿರುಬೆರಳಿಗೆ ಆಗೊಮ್ಮೆ ಈಗೊಮ್ಮೆ ಕೆಲಸ. ಇಲ್ಲಿ ಸ್ವರಕ್ಕೊಂದು ಸಲ ಕಿರುಬೆರಳು ಆ ಕೀಲಿಯಿಂದ ಈ ಕೀಲಿಗೆ ಜಾರಬೇಕು, ಬೆರಳುಗಳು ಒಂದರ ಕಾಲಿಗೆ ಒಂದು ತೊಡರಬೇಕು. ಎಲ್ಲ ಹಾಡೂ ಹಾಗೇ. ಆಹಾ, ಎಂಥ ಜನ! ಇಷ್ಟು ಕಷ್ಟದ ದಾರಿಯಲ್ಲಿ ಇಷ್ಟು ಸಲೀಸಾಗಿ ಓಡುತ್ತಾರಲ್ಲ ಎಂದು ಅವಳಿಗೆ ಕೈ ಮುಗಿಯುವಂತಾಗುತ್ತಿತ್ತು. ಹಟ ಬಿಡಲಿಲ್ಲ. ವರ್ಷಗಳು ಉರುಳಿದವು. ಅವಳ ಕಿರುಬೆರಳು ಎಷ್ಟು ಗಟ್ಟಿಯಾಯಿತೆಂದರೆ, "ಅದರಲ್ಲಿ ಕೋಟು ನೇತುಹಾಕಬಹುದು" ಎಂದು ಮಾಸ್ಟರು ಆಡಿಕೊಳ್ಳುತ್ತಿದ್ದರು.

ಪೆಟ್ಟಿಗೆಯಲ್ಲಿ ಅವಳಿಗೆ ಎಲ್ಲಕ್ಕಿಂತ ಪ್ರೀತಿಯ ರೆಕಾರ್ಡು ಒಂದಿತ್ತು. ಹುಡುಗಿಯೊಬ್ಬಳು ಹಾಡುತ್ತಿದ್ದಳು, ಬಿಟ್ಟುಹೋದವನನ್ನು ನೆನೆಯುವ ಹಾಡು. ದನಿ ಎಳೆಯದು, ಚುರುಕು. ಹಿಂದೆಯೇ ಒಂದು ಕ್ಲಾರಿನೆಟ್ ಅವಳನ್ನು ಸಮಾಧಾನ ಮಾಡುತ್ತಾ ಬರುತ್ತಿತ್ತು. "ಪಾಪ, ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ದುಃಖ ಯಾಕೆ ಇದಕ್ಕೆ," ಎನ್ನುತ್ತಿದ್ದಳು. ಆ ಕ್ಲಾರಿನೆಟ್ಟಿನ ಪಾಲನ್ನು ಅವಳು ಉಸಿರು ಉಸಿರಾಗಿ ಕಲಿತಳು. ಅಡುಗೆಮನೆ ದಾಟಿ ಅದು ಎಲ್ಲೂ ಹೋಗಿರಲಿಲ್ಲ. ಅದು ಹೊರಗೆ ಹೋಗಬೇಕು ಎಂಬ ಆಸೆ ಇತ್ತು. ಯಾರ ಮುಂದೂ ಆಡಿರಲಿಲ್ಲ, ಅಷ್ಟೆ.

ಆ ವರ್ಷ ಊರಿನ ಸಭಾಭವನಕ್ಕೆ ಪ್ರವಾಸದ ಮೇಲೆ ಒಂದು ಜಾಝ್ ತಂಡ ಬಂತು. ಪಿಯಾನೋ, ದೊಡ್ಡ ಬಾಸ್, ಡ್ರಮ್ಮು, ಮೂರೇ ಜನ. ಮುಖ್ಯಸ್ಥೆ ಪಿಯಾನೋದವಳು, ಕತ್ತರಿಸಿದ ಕೂದಲಿನ ಗಟ್ಟಿಗಿತ್ತಿ. ಕೋಟಿನ ಗುಂಡಿ ಪ್ರಯಾಣದಲ್ಲಿ ಕಿತ್ತುಹೋಗಿದ್ದರಿಂದ ಅವಳು ಅಂಗಡಿಗೆ ಬಂದಳು. ಗುಂಡಿಯಕ್ಕ ತಲೆಯೆತ್ತದೆ ಸೂಜಿಗೆ ದಾರ ಪೋಣಿಸುತ್ತಾ ಅದೇ ಹಾಡನ್ನು ಗುನುಗುತ್ತಿದ್ದಳು.

"ಇದು ನಿಮಗೆ ಹೇಗೆ ಗೊತ್ತು?" ಎಂದಳು ಪಿಯಾನೋದವಳು.

"ನಮ್ಮ ಗುಂಡಿಯಕ್ಕ ಊದ್ತಾಳೆ ಕೂಡ," ಎಂದು ಮಾಸ್ಟರು ಎದೆಯುಬ್ಬಿಸಿದರು, ತಾವೇ ಕಲಿಸಿದಂತೆ.

"ಹಾಗಾದ್ರೆ ನಾಳೆ ಬನ್ನಿ, ನಮ್ಮ ಜೊತೆ ಊದಿ ನೋಡಿ. ಚೆನ್ನಾಗಿ ಬಂದ್ರೆ ಮುಂದಿನ ಶನಿವಾರ ಸ್ಟೇಜಿನ ಮೇಲೆ ಒಂದು ಹಾಡು ನಿಮ್ಮದು."

ಗುಂಡಿಯಕ್ಕನ ಬೆರಳಿಗೆ ಸೂಜಿ ಚುಚ್ಚಿತು. ಆ ಅಂಗಡಿಯಲ್ಲಿ ಹಾಗಾದದ್ದು ಅದೇ ಮೊದಲು.

ಮರುದಿನ ಸಭಾಭವನದಲ್ಲಿ ಖಾಲಿ ಕುರ್ಚಿಗಳ ಮುಂದೆ ನಿಂತು, ಅಪ್ಪನನ್ನು ನೆನೆದು, ಊದಿದಳು. ಪಿಯಾನೋ ಸೇರಿಕೊಂಡಿತು. ಸೇರಿಕೊಂಡಿತು ಎನ್ನುವುದು ಮಾತಿಗೆ. ಎರಡೂ ಒಂದಕ್ಕೊಂದು ಹಲ್ಲು ಕಡಿದವು. ಡ್ರಮ್ಮಿನವನು ಕಡ್ಡಿ ಎತ್ತಿ ಹಿಡಿದುಬಿಟ್ಟ. ಎರಡನೆಯ ಸಲವೂ ಅದೇ ಕಥೆ, ಮೇಲಾಗಿ ಇವಳು ಮುಂದೆ ಓಡಿದರೆ ಅವರು ಹಿಂದೆ. ಪಿಯಾನೋದವಳು ಅಲ್ಲಿ ಇಲ್ಲಿ ಒತ್ತಿ ನೋಡಿ, ಕಡೆಗೆ ಪಿಯಾನೋದ ಕಪ್ಪು ಮನೆಗಳ, ಅಂದರೆ ಕಪ್ಪು ಕೀಲಿಗಳ, ಮಧ್ಯೆ ಇವಳ ಶ್ರುತಿಯನ್ನು ಹಿಡಿದಳು. ಹುಬ್ಬು ಹಣೆಗೇರಿತು.

"ನೀವು ಅರ್ಧ ಸ್ವರ ಮೇಲೆ ಊದ್ತಿದ್ದೀರಿ. ಈ ಶ್ರುತೀಲಾ? ಕ್ಲಾರಿನೆಟ್ಟಲ್ಲಿ? ಇದರಲ್ಲಿ ಯಾರು ಊದ್ತಾರೆ!"

ಅವಳು ಹೇಳಿದ್ದು ಬೆರಗಿನಿಂದ. ಗುಂಡಿಯಕ್ಕನ ಕಿವಿಗೆ ಬಿದ್ದದ್ದು ಅವಮಾನ. ಅಪ್ಪನ ಕೂದಲೆಳೆ ಎಲ್ಲಿ, ಈ ಅರ್ಧ ಸ್ವರ ಎಲ್ಲಿ! ಮುಖ ಕೆಂಪಾಗಿ, ವಾದ್ಯವನ್ನು ಬಿಡಿಸಿ ಪೆಟ್ಟಿಗೆಗೆ ತುರುಕಿ, ಯಾರು ಕರೆದರೂ ನಿಲ್ಲದೆ ಮನೆಗೆ ಬಂದಳು.

"ರೀ, ಆ ಪ್ಲೇಯರ್ ಬಿಚ್ಚಿ ನೋಡಿ," ಎಂದಳು ಬಾಗಿಲಲ್ಲೇ.

"ಅದಕ್ಕೇನಾಗಿದೆ? ನಾನು ರಿಪೇರಿ ಮಾಡಿದ ಲಿಫ್ಟು ಇವತ್ತಿನವರೆಗೂ..."

"ಬಿಚ್ಚಿ ಅಂದೆ."

ಲಿಫ್ಟಿನವರು ಬಿಚ್ಚಿದರು. ತಟ್ಟೆ ಎತ್ತಿದರು. ರಾಟೆಯ ಮೇಲೆ ಕರಿ ಟೇಪು, ಎರಡು ಸುತ್ತು. ಜೀವಮಾನವಿಡೀ ರಾಟೆಗಳ ಜೊತೆ ಬದುಕಿದ ಮನುಷ್ಯನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಮುಖ ಹುಳ್ಳಗಾಯಿತು. ಅವರ ಬಾಯಿಂದ ಅಷ್ಟು ಮೆಲ್ಲಗೆ ಮಾತು ಬಂದದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

"ರಾಟೆ ದಪ್ಪ ಆದ್ರೆ ತಟ್ಟೆ ಜೋರಾಗಿ ತಿರುಗುತ್ತೆ ಕಣೇ. ತಟ್ಟೆ ಜೋರಾದ್ರೆ ಹಾಡೂ ಮೇಲೆ ಹೋಗುತ್ತೆ. ನಾನೇ ಮಾಡಿದ್ದು."

ಬೈದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು. ಅವಳು ಬೈಯಲಿಲ್ಲ. ಇಷ್ಟು ವರ್ಷ ಯಾವ ಕಷ್ಟದ ಮುಂದೆ ಕೈ ಮುಗಿದಿದ್ದಳೋ ಅದು ಆ ಜನರದ್ದಲ್ಲ, ಟೇಪಿನದ್ದು! ಕಲಿತದ್ದೆಲ್ಲ ಸುಳ್ಳು ಎನಿಸಿತು. "ಶನಿವಾರ ನಾನು ಹೋಗಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು.

ಲಿಫ್ಟಿನವರು ಮಾರನೆಯ ದಿನ ಪೇಟೆಯೆಲ್ಲ ಸುತ್ತಿ ಸರಿಯಾದ ಅಳತೆಯ ಬೆಲ್ಟು ತಂದರು. ಟೇಪು ಕಿತ್ತು, ಸೀಮೆಎಣ್ಣೆಯಲ್ಲಿ ಅಂಟು ಒರೆಸಿ, ಬೆಲ್ಟು ಏರಿಸಿದರು. ಯಾವ ರೆಕಾರ್ಡು ಹಾಕಬೇಕೆಂದು ಅವರು ಯೋಚಿಸಬೇಕಾಗಿಯೇ ಇರಲಿಲ್ಲ. ಸೂಜಿ ಇಟ್ಟು, ಅಪರಾಧಿಯಂತೆ ಗೋಡೆಗೆ ಒರಗಿ ನಿಂತರು.

ಗುಂಡಿಯಕ್ಕ ಇಸ್ತ್ರಿ ಮಾಡುತ್ತಿದ್ದಳು. ಕೈ ನಿಂತಿತು. ಹಾಡುತ್ತಿದ್ದದ್ದು ಆ ಹುಡುಗಿಯಲ್ಲ. ಮಾಗಿದ, ತುಂಬಿದ ದನಿಯ ಹೆಂಗಸು. ಪದ ಪದದ ನಡುವೆ ಅವಳು ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು. ಬಿಟ್ಟುಹೋದವನಿಗಾಗಿ ಅವಳು ಅಳುತ್ತಿರಲಿಲ್ಲ. ಅಳು ಮುಗಿದು ಬಹಳ ಕಾಲವಾಗಿತ್ತು. ಈಗ ಸುಮ್ಮನೆ ಅವನ ವಿಷಯ ಹೇಳುತ್ತಿದ್ದಳು, ಸ್ವಲ್ಪ ನಗುತ್ತಾ ಕೂಡ.

"ರೀ," ಎಂದಳು ಗುಂಡಿಯಕ್ಕ. "ಇವಳು ನನ್ನ ವಯಸ್ಸಿನವಳು ಕಣ್ರೀ."

ಇಸ್ತ್ರಿಯ ಕೆಳಗೆ ಬಟ್ಟೆ ಸುಡುವ ವಾಸನೆ ಬಂತು. ಇಬ್ಬರೂ ಒಟ್ಟಿಗೆ ಹಾರಿಬಿದ್ದು ಎತ್ತಿದರು. ಸುಟ್ಟದ್ದು ಲಿಫ್ಟಿನವರ ಒಳ್ಳೆಯ ಅಂಗಿ. ಅದನ್ನು ಹಿಡಿದು ನೋಡಿ ಅವಳಿಗೆ ನಗು ಬಂತು. ನಗು ಅಳುವಾಗಿ, ಮತ್ತೆ ನಗುವಾಗಿ, ಹೊಟ್ಟೆ ಹುಣ್ಣಾಗುವವರೆಗೂ ನಿಲ್ಲಲಿಲ್ಲ.

ಭಾನುವಾರ ಹಡಗಿನ ಅಜ್ಜ ಬಂದು ಕೇಳಿದರು. "ಹಾಂ! ಇದು ಇಷ್ಟು ನಿಧಾನ ಅಂತ ನನಗೆ ನೆನಪಿತ್ತು. ನಿಮ್ಮನೇಲಿ ಓಡ್ತಿತ್ತು. ನಂಗೇ ವಯಸ್ಸಾಗಿ ಜಗತ್ತು ಓಡ್ತಿದೆ ಅಂದ್ಕೊಂಡಿದ್ದೆ," ಎಂದರು. ಟೇಪಿನ ಕಥೆ ಕೇಳಿ ಅವರು ಕುರ್ಚಿಯಿಂದ ಬೀಳುವುದೊಂದು ಬಾಕಿ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ಇದನ್ನ ಕಟ್ಟಿದವರಲ್ಲೂ ಎಷ್ಟೋ ಜನಕ್ಕೆ ಆ ತುತ್ತೂರಿ ಹಿಡಿಯೋದು ಹೀಗೆ ಅಂತ ಯಾರೂ ಹೇಳ್ಕೊಡಲಿಲ್ಲ ತಾಯಿ. ಕೈಗೆ ಬಂದ ಹಾಗೆ ಹಿಡಿದ್ರು, ಊದಿದ್ರು. ನೀನೂ ಹಾಗೇ. ಹೋಗಿ ಊದು."

ಅವಳು ವಾದ್ಯ ತೆಗೆದಳು. ನಿಜವಾದ ಶ್ರುತಿಯಲ್ಲಿ ಬೆರಳುಗಳು ತಾವಾಗಿಯೇ ಬಿದ್ದವು, ಕಿರುಬೆರಳಿಗೆ ಕೆಲಸವೇ ಇಲ್ಲ. ಆದರೆ ಹಾಡು ಕಾವೇರಿದಾಗಲೆಲ್ಲ ಕೈ ತಪ್ಪಿ ಹಳೆಯ ಕಷ್ಟದ ದಾರಿಗೇ ಓಡುತ್ತಿತ್ತು. ವರ್ಷಗಳ ರೂಢಿ ವಾರದಲ್ಲಿ ಬಿಡುತ್ತದೆಯೇ? ಪಿಯಾನೋದವಳು ಕೋಟು ಒಯ್ಯಲು ಬಂದಾಗ, ಗುಂಡಿಯಕ್ಕ ಅವಳ ಮುಖ ನೋಡದೆ ಎಲ್ಲವನ್ನೂ ಹೇಳಿಬಿಟ್ಟಳು: ಟೇಪು, ರಾಟೆ, ಅರ್ಧ ಸ್ವರ.

"ನಾನು ಮೇಲೇ ಊದಿಬಿಟ್ರೆ ನಿಮ್ಮ ಮಾನ ಹೋಗುತ್ತೆ," ಎಂದಳು.

ಪಿಯಾನೋದವಳು ಅಂಗಡಿಯ ಸ್ಟೂಲಿನ ಮೇಲೆ ಕುಸಿದು ನಕ್ಕಳು. ಆಮೇಲೆ ಅವಳ ಕೈ ಹಿಡಿದು ಆ ಕಿರುಬೆರಳನ್ನು ಹಿಂದೆ ಮುಂದೆ ಮಾಡಿ ನೋಡಿದಳು.

"ಆ ಶ್ರುತಿ ಅಂದ್ರೆ ನಾವೆಲ್ಲ ದೂರ ಓಡ್ತೀವಿ ಅಕ್ಕ. ನಾನು ಮೂರು ದಿನದಿಂದ ಅದರಲ್ಲೇ ಕೈ ಕೂರಿಸ್ತಿದ್ದೀನಿ, ಬೆರಳು ಬಿದ್ದುಹೋಯ್ತು. ಶನಿವಾರ ನಾವೇ ನಿಮ್ಮ ಶ್ರುತಿಯ ಬೀದಿಗೆ ಬರ್ತೀವಿ. ನೀವು ಎಲ್ಲಿ ತಿರುಗಿದ್ರೆ ಅಲ್ಲಿ ನಾವು."

ಶನಿವಾರ ಸಂಜೆ ಸಭಾಭವನ ತುಂಬಿತ್ತು. ಮೂರನೆಯ ಸಾಲಿನಲ್ಲಿ ಮಾಸ್ಟರು, ದರ್ಜಿಗಳು, ಹಡಗಿನ ಅಜ್ಜ, ಅವರ ಒಳ್ಳೆಯ ಕಿವಿಯ ಪಕ್ಕದಲ್ಲಿ ಲಿಫ್ಟಿನವರು. ಒಳ್ಳೆಯ ಅಂಗಿ ಸುಟ್ಟುಹೋದದ್ದರಿಂದ ಮಾಸ್ಟರ ಕೋಟೊಂದನ್ನು ಮೇಲೆ ಹಾಕಿಕೊಂಡಿದ್ದರು. ಪಿಯಾನೋದವಳು ಇವಳ ಕಡೆ ನೋಡಿ ತಲೆಯಾಡಿಸಿದಳು.

ಗುಂಡಿಯಕ್ಕ ತನ್ನ ಅರ್ಧ ಸ್ವರ ಮೇಲಿನ ಮನೆಯಲ್ಲೇ ಶುರು ಮಾಡಿದಳು, ಅಡುಗೆಮನೆಯಲ್ಲಿ ಓಡುತ್ತಿದ್ದ ಅದೇ ಓಟದಲ್ಲಿ. ಕಪ್ಪು ಮನೆಗಳ ಮೇಲೆ ಪಿಯಾನೋ ಎಡವುತ್ತಾ ಸುಧಾರಿಸಿಕೊಳ್ಳುತ್ತಾ ಬಂತು, ಬಾಸಿನವನ ಹಣೆಯಲ್ಲಿ ಬೆವರು ಮೂಡಿತು. ಕಿರುಬೆರಳು ವರ್ಷಗಳ ಹಟವನ್ನೆಲ್ಲ ತೀರಿಸಿಕೊಂಡಿತು. ಏನು ಊದಿದಳು ಆ ಹೆಂಗಸು! ಅಪ್ಪನ ಕವಾಯತಿತ್ತು, ಹೊಲದ ಕೂಗಿತ್ತು, ಇಗರ್ಜಿ ಇತ್ತು, ಲಿಫ್ಟಿನವರ ಟೇಪೂ ಇತ್ತು. ಸಭೆ ಕುರ್ಚಿಯ ತುದಿಗೆ ಬಂದು ಕೂತಿತ್ತು.

ಹಾಡು ಅರ್ಧ ದಾಟಿದಾಗ ಆ ಹೆಂಗಸಿನ ಉಸಿರು ನೆನಪಾಯಿತು ಅವಳಿಗೆ, ಪದ ಪದದ ನಡುವಿನ ಉಸಿರು. ಮೇಲಿನ ಸ್ವರವೊಂದನ್ನು ಉದ್ದಕ್ಕೆ ಹಿಡಿದಳು. ಹಿಡಿದು, ಮೆಲ್ಲಗೆ ಬಾಗಿಸಿ, ಇಳಿಸುತ್ತಾ ಇಳಿಸುತ್ತಾ ಅರ್ಧ ಸ್ವರ ಕೆಳಗೆ, ನಿಜವಾದ ಶ್ರುತಿಗೆ, ತಂದು ಇಟ್ಟಳು. ಓಟವೂ ಅಲ್ಲೇ ನಿಂತು ನಡಿಗೆಯಾಯಿತು. ಪಿಯಾನೋದವಳ ಬಾಯಿಂದ "ಅಬ್ಬಾ!" ಎಂದು ಹೊರಟೇಬಿಟ್ಟಿತು. ಕೈಗಳು ಬಿಳಿ ಮನೆಗಳಿಗೆ ಜಾರಿ ಅವಳ ಜೊತೆ ನಡೆಯತೊಡಗಿದವು. ಡ್ರಮ್ಮಿನವನು ಕಡ್ಡಿ ಬಿಟ್ಟು ತಂತಿಯ ಕುಂಚ ತೆಗೆದುಕೊಂಡ. ಭವನದಲ್ಲಿ ಉಸಿರಾಡುವುದೂ ಕೇಳುವಷ್ಟು ಮೌನವಾಯಿತು.

ಆ ಮೌನದಲ್ಲಿ ಮೂರನೆಯ ಸಾಲಿನಿಂದ, ಲಿಫ್ಟಿನ ಬಾವಿಯ ತಳದಿಂದ ಕೊನೆಯ ಮಹಡಿಗೆ ಕೇಳಿಸುವ ದನಿಯೊಂದು ಎದ್ದಿತು. ಅಜ್ಜನ ಕಿವಿಯಲ್ಲಿ ಗುಟ್ಟಾಗಿ ಹೇಳುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು.

"ಟೇಪು ಬಿಚ್ಚಿದಳು ಅಜ್ಜ! ಟೇಪು ಬಿಚ್ಚಿದಳು!"

ಸಂಗೀತದಲ್ಲಿ ಜೋರು ಮತ್ತು ಮೆಲ್ಲಗೆ ಎಂಬ ಎರಡೇ ಬಗೆ ಗೊತ್ತಿದ್ದ ಮನುಷ್ಯ. ಸಭೆಯೆಲ್ಲ ಆ ಕಡೆ ತಿರುಗಿ ನೋಡಿತು. ಸ್ಟೇಜಿನ ಮೇಲೆ ಗುಂಡಿಯಕ್ಕನಿಗೆ ಊದುತ್ತಿರುವಾಗಲೇ ನಗು ಬಂದು ಕ್ಲಾರಿನೆಟ್ ಕೀಚೆಂದಿತು. ಪಿಯಾನೋದವಳು ಆ ಕೀಚನ್ನು ಹಾಗೇ ಎತ್ತಿಕೊಂಡು ಮೇಲಿನ ಮನೆಯಲ್ಲಿ ಬಾರಿಸಿ ತೋರಿಸಿದಳು. ಗುಂಡಿಯಕ್ಕ ಅದಕ್ಕೆ ಓಗೊಟ್ಟು, ಗಂಡ ಕೂತ ಕಡೆ ತಿರುಗಿ ನಿಂತು, ಹಾಡಿನ ಉಳಿದ ಭಾಗವನ್ನು ಊದಿ ಮುಗಿಸಿದಳು.